ಮಗ್ಗದಲ್ಲಿ 20 ಇಂಚು, ಒಗೆದ ಮೇಲೆ 15: ಉಳಿದ ಬಟ್ಟೆ ಎಲ್ಲಿ ಹೋಯಿತು?

ಪ್ರಶ್ನೆ: ಮನೆಯಲ್ಲಿ ಟೇಬಲ್ ಮೇಲಿಟ್ಟು ನೇಯುವ ನಾಲ್ಕು ಶಾಫ್ಟಿನ (ಎಳೆಗಳನ್ನು ಎತ್ತಿ ಇಳಿಸುವ ಚೌಕಟ್ಟು) ಸಣ್ಣ ಮಗ್ಗವಿದೆ. 24 ಇಂಚು ಅಗಲದವರೆಗೆ ನೇಯಬಹುದು. 2/20 ಹತ್ತಿ ನೂಲಿನಲ್ಲಿ ಸಾದಾ ನೇಯ್ಗೆಯ ಸ್ಟೋಲ್‌ಗೆಂದು ಹಾಸು (ಉದ್ದಕ್ಕೆ ಬಿಗಿಯುವ ಎಳೆಗಳು) ಹಾಕಿದೆ. ಹಣಿಗೆ (ಹಾಸಿನ ಎಳೆಗಳು ಸಂದುಗಳಲ್ಲಿ ಹಾಯುವ, ಅಡ್ಡ ಎಳೆಯನ್ನು ಬಡಿದು ಕೂರಿಸುವ ಬಾಚಣಿಗೆಯಂಥದು) 24 ನಂಬರಿನದು; ಸಂದಿಗೆ ಎರಡರಂತೆ ಒಟ್ಟು 480 ಎಳೆ. ಶುರುವಿನಲ್ಲಿ 20 ಇಂಚು ಇದ್ದ ಅಗಲ ಒಂದು ಗಜ ನೇಯುವಷ್ಟರಲ್ಲಿ 17ಕ್ಕೆ ಇಳಿಯಿತು. ಅಂಚಿನ ಎಳೆಗಳು, ಅದರಲ್ಲೂ ಎಡಗಡೆಯವು, ಒಂಬತ್ತು ಸಲ ಕಡಿದವು. ಮೊದಲ ಸ್ಟೋಲ್ ಕತ್ತರಿಸಿ ಒಗೆದರೆ 15 ಇಂಚು ಆಯಿತು, ಅದೂ ಜಾಳುಜಾಳು. ಇನ್ನೂ ಮೂರು ಮೀಟರ್ ಹಾಸು ಮಗ್ಗದಲ್ಲೇ ಇದೆ. ಮಗ್ಗ ಸರಿಯಿಲ್ಲವೋ, ನೂಲು ಸರಿಯಿಲ್ಲವೋ? ಗಂಜಿ ಹಾಕಬೇಕಿತ್ತೇ?

ಉತ್ತರ: ಮಗ್ಗವೂ ಸರಿಯಿದೆ, ನೂಲೂ ಸರಿಯಿರಬೇಕು. ನೀವು ಹೇಳಿದ ಮೂರು ತೊಂದರೆಗಳು ಬೇರೆಬೇರೆಯಲ್ಲ. ಅಗಲ ಕುಗ್ಗಿದ್ದರಿಂದ ಅಂಚಿನ ಎಳೆ ಕಡಿಯಿತು. ಅಗಲ ಅಷ್ಟು ಕುಗ್ಗಿದ್ದು ಹಾಸು ತೆಳುವಾಗಿದ್ದರಿಂದ ಮತ್ತು ಹೊಕ್ಕಿನ ಎಳೆಯನ್ನು, ಅಂದರೆ ಅಡ್ಡಕ್ಕೆ ಹಾಯುವ ಎಳೆಯನ್ನು, ಬಿಗಿಯಾಗಿ ಹಾಕಿದ್ದರಿಂದ. ಬಟ್ಟೆ ಜಾಳಾಗಿದ್ದೂ ಆ ತೆಳು ಹಾಸಿನಿಂದಲೇ. ಹೊಕ್ಕಿನ ನೂಲು ಒಯ್ಯುವ ಲಾಳಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ, ಹಣಿಗೆಯ ಲೆಕ್ಕದಲ್ಲಿ, ಅರ್ಧ ಕೆಲಸ ಕೆಟ್ಟಿತ್ತು.

ಆ ಲೆಕ್ಕದಿಂದಲೇ ಹೊರಡೋಣ. ಹತ್ತಿ ನೂಲಿನ ನಂಬರ್ ಅಂದರೆ ಒಂದು ಪೌಂಡ್ ತೂಕಕ್ಕೆ 840 ಗಜದ ಎಷ್ಟು ಲಡಿ ಬರುತ್ತವೆ ಅನ್ನುವುದು. 20 ನಂಬರಿನ ಎರಡು ಎಳೆ ಹುರಿ ಮಾಡಿದರೆ 2/20, ಅಂದರೆ ದಪ್ಪದಲ್ಲಿ 10 ನಂಬರಿಗೆ ಸಮ. ಪೌಂಡಿಗೆ 8,400 ಗಜ, ಕಿಲೋಗೆ ಸುಮಾರು 16,900 ಮೀಟರ್. ಹೊರದೇಶದ ಕೋನ್‌ಗಳ ಮೇಲೆ ಇದನ್ನೇ ತಿರುಗಿಸಿ 20/2 ಎಂದು ಬರೆದಿರುತ್ತಾರೆ. ಉಣ್ಣೆ ನೂಲಿನ ಮೇಲೆ 2/20 ಎಂದಿದ್ದರೆ ಮಾತ್ರ ಹುಷಾರು, ಅಲ್ಲಿ ಸಾಮಾನ್ಯವಾಗಿ ಮೆಟ್ರಿಕ್ ಲೆಕ್ಕ. ಗ್ರಾಮಿಗೆ 10 ಮೀಟರ್ ಅಷ್ಟೇ. ಅಂಗಡಿಯವರ ಮಾತಿನ ಮೇಲೆ ಅನುಮಾನವಿದ್ದರೆ 100 ಮೀಟರ್ ಸುತ್ತಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಡಿ. ಹತ್ತಿಯ 2/20 ಆಗಿದ್ದರೆ 5.9 ಗ್ರಾಂ ಆಸುಪಾಸು ಬರಬೇಕು. 8 ಗ್ರಾಂ ಬಂದರೆ ಅದು 2/20 ಅಲ್ಲ, ಮುಂದಿನ ಲೆಕ್ಕ ಯಾವುದೂ ಹೊಂದುವುದಿಲ್ಲ.

ಈಗ ಇಂಚಿಗೆ ಎಷ್ಟು ಎಳೆ ಬೇಕು ಅನ್ನುವುದು. ಆಶೆನ್‌ಹರ್ಸ್ಟ್ ಸೂತ್ರವೆಂದು ನೇಯ್ಗೆಯವರು ಬಳಸುವ ಹಳೆಯ ಲೆಕ್ಕವೊಂದಿದೆ: ಪೌಂಡಿಗೆ ಎಷ್ಟು ಗಜವೋ ಅದರ ವರ್ಗಮೂಲ ತೆಗೆದು 0.9ರಿಂದ ಗುಣಿಸಿ. 8,400ರ ವರ್ಗಮೂಲ 91.6, ಗುಣಿಸಿದರೆ 82. ಒಂದು ಇಂಚಿನಲ್ಲಿ ಎಳೆಗೆ ಎಳೆ ತಾಗಿಸಿ ಕೂರಿಸಿದರೆ ಹಿಡಿಸುವ ಸಂಖ್ಯೆ ಇದು. ಸಾದಾ ನೇಯ್ಗೆಯಲ್ಲಿ ಪ್ರತಿ ಎರಡು ಹಾಸಿನ ಎಳೆಗಳ ನಡುವೆ ಹೊಕ್ಕು ಹಾಯಬೇಕಲ್ಲ, ಅದಕ್ಕೆ ಅರ್ಧ ಮಾಡಿ: 41. ಇದು ಹಲಗೆಯಂಥ ಬಟ್ಟೆ. ಮೈಮೇಲೆ ಹೊದೆಯುವ ಸ್ಟೋಲ್‌ಗೆ ಇದರ ಮುಕ್ಕಾಲು ಪಾಲು ಸಾಕು, ಅಂದರೆ 30ರಿಂದ 32. ಸೂತ್ರ ಬೇಡ ಅನ್ನುವವರು ಸ್ಕೇಲಿಗೆ ಒಂದು ಇಂಚು ಅಗಲಕ್ಕೆ ನೂಲನ್ನು ಒತ್ತದೆ, ಬಿಡದೆ ಸುತ್ತಿ ಎಣಿಸಿ ಅರ್ಧ ಮಾಡಿದರೂ ಹೆಚ್ಚುಕಡಿಮೆ ಇಲ್ಲಿಗೇ ಬರುತ್ತಾರೆ.

ನಿಮ್ಮದೆಷ್ಟಿತ್ತು? ನಮ್ಮ ಕಡೆಯ ಹಣಿಗೆಗಳ ನಂಬರ್ ಎರಡು ಇಂಚಿನ ಲೆಕ್ಕದ್ದು. 24 ನಂಬರ್ ಅಂದರೆ ಎರಡು ಇಂಚಿಗೆ 24 ಸಂದು, ಇಂಚಿಗೆ 12. ಸಂದಿಗೆ ಎರಡು ಹಾಕಿದರೆ ಇಂಚಿಗೆ 24 ಎಳೆ. (ಹವ್ಯಾಸಿಗಳಿಗೆಂದು ಮಾಡುವ ಕೆಲವು ಮಗ್ಗಗಳ ಹಣಿಗೆ ಮೇಲೆ ಇಂಚಿನ ಲೆಕ್ಕದಲ್ಲೇ ನಂಬರ್ ಕೊಟ್ಟಿರುತ್ತಾರೆ. ಸ್ಕೇಲ್ ಇಟ್ಟು ಒಮ್ಮೆ ಎಣಿಸಿಬಿಡುವುದು ಒಳ್ಳೆಯದು. ನಿಮ್ಮ 480 ಎಳೆ 20 ಇಂಚಿಗೆ ಸರಿಹೋಗಿದೆ, ಹಾಗಾಗಿ ನಿಮ್ಮದು ಎರಡು ಇಂಚಿನ ಲೆಕ್ಕದ್ದೇ.) 30 ಬೇಕಾದಲ್ಲಿ 24 ಇದ್ದಾಗ ಎಳೆಗಳ ನಡುವೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಹೊಕ್ಕು ಎಳೆದ ಕಡೆ ಹಾಸು ಸರಿಯುತ್ತದೆ, ತಡೆಯುವವರಿಲ್ಲ. ಹಣಿಗೆ ಬಡಿದಾಗ ಹೊಕ್ಕೂ ಬೇಕಾದ್ದಕ್ಕಿಂತ ಹೆಚ್ಚು ಒತ್ತಿಕೊಳ್ಳುತ್ತದೆ. ನಿಮ್ಮ ಸ್ಟೋಲಿನ ಒಂದು ಇಂಚಿನಲ್ಲಿ ಹೊಕ್ಕಿನ ಎಳೆ ಎಣಿಸಿ ನೋಡಿ. 36 ದಾಟಿದ್ದರೆ ಆಶ್ಚರ್ಯವಿಲ್ಲ. ಸಮತೂಕದ ಬಟ್ಟೆಯಲ್ಲಿ ಹಾಸೂ ಹೊಕ್ಕೂ ಹತ್ತಿರಹತ್ತಿರ ಒಂದೇ ಸಂಖ್ಯೆ ಇರಬೇಕು.

ಹೊಸ ಹಣಿಗೆ ಕೊಳ್ಳುವ ಅಗತ್ಯವಿಲ್ಲ. ಇದೇ ಹಣಿಗೆಯಲ್ಲಿ ಒಂದು ಸಂದಿಗೆ ಎರಡು, ಮುಂದಿನದಕ್ಕೆ ಮೂರು, ಮತ್ತೆ ಎರಡು, ಮತ್ತೆ ಮೂರು ಎಂದು ಹಾಕುತ್ತಾ ಹೋದರೆ ಇಂಚಿಗೆ 30 ಆಗುತ್ತದೆ. ಮಗ್ಗದ ಮೇಲೆ ಬಟ್ಟೆಯಲ್ಲಿ ಸಣ್ಣ ಗೆರೆಗೆರೆ ಕಾಣುತ್ತದೆ, ಹೆದರಬೇಡಿ. ಒಗೆದಾಗ ಬಹುಪಾಲು ಕೂಡಿಕೊಳ್ಳುತ್ತದೆ. ಗೆರೆ ಸುತರಾಂ ಬೇಡವೆಂದರೆ 32 ನಂಬರಿನ ಹಣಿಗೆಯಲ್ಲಿ ಎರಡೆರಡು ಹಾಕಬೇಕು. ಎಲ್ಲ ಸಂದಿಗೂ ಮೂರು ಹಾಕಿ 36 ಮಾಡಿದರೆ ಸಾದಾ ನೇಯ್ಗೆಗೆ ಬಿಗಿಯಾಯಿತು, ಆದರೆ 2/2 ಟ್ವಿಲ್‌ಗೆ ಹೇಳಿಮಾಡಿಸಿದಂತಿರುತ್ತದೆ. ಟ್ವಿಲ್‌ನಲ್ಲಿ ಹೊಕ್ಕು ಎರಡೆರಡು ಎಳೆ ಹಾರಿಹೋಗುವುದರಿಂದ ಹಾಸು ಹೆಚ್ಚು ಬೇಕೇಬೇಕು.

ಇನ್ನು ಕೈಯ ವಿಷಯ. ಹಾಸು ಸರಿಯಿದ್ದರೂ 20 ಇಂಚು 18¾ಕ್ಕೆ ಇಳಿಯುವುದು ಸಹಜ, ಏಕೆಂದರೆ ಹೊಕ್ಕು ಹಾಸಿನ ಮೇಲೆ ಕೆಳಗೆ ಬಳುಕಿ ಹೋಗಲು ಉದ್ದ ಬೇಕು. ಆ ಉದ್ದವನ್ನು ನೀವು ಕೊಡದಿದ್ದರೆ ಅದು ಅಂಚಿನಿಂದ ಕಿತ್ತುಕೊಳ್ಳುತ್ತದೆ. ಲಾಳಿ ದಾಟಿಸಿದ ಮೇಲೆ ಎಳೆಯನ್ನು ಓರೆಯಾಗಿ ಬಿಡಿ ಎಂದು ಎಲ್ಲರೂ ಹೇಳಿಕೊಡುತ್ತಾರೆ. ದೊಡ್ಡ ಮಗ್ಗದಲ್ಲಿ ಸರಿ, ಟೇಬಲ್ ಮಗ್ಗದಲ್ಲಿ ಅದು ಸಾಲದು. ಲೆಕ್ಕ ನೋಡಿ: ಬಟ್ಟೆಯ ತುದಿಗೂ ಹಣಿಗೆಗೂ ನಡುವೆ ನಿಮಗೆ ಸಿಗುವುದು ಮೂರು ಇಂಚು. 20 ಇಂಚಿನ ಅಗಲದಲ್ಲಿ ಮೂರು ಇಂಚು ಓರೆ ಬಿಟ್ಟರೆ ಎಳೆಯ ಉದ್ದ 20.2 ಇಂಚು, ಅಂದರೆ ಶೇಕಡಾ 1 ಮಾತ್ರ ಹೆಚ್ಚು. ಅದೇ ಎಳೆಯನ್ನು ನಡುವೆ ಎತ್ತಿ ಕಮಾನಿನಂತೆ ಬಿಟ್ಟರೆ, ಕಮಾನಿನ ಎತ್ತರ 2½ ಇಂಚಿಗೆ ಶೇಕಡಾ 4, ಮೂರು ಇಂಚಿಗೆ ಶೇಕಡಾ 6 ಹೆಚ್ಚು ನೂಲು ಒಳಗೆ ಹೋಗುತ್ತದೆ. ನಿಮಗೆ ಬೇಕಾದದ್ದು ಇಷ್ಟೇ.

ಕೈಯಲ್ಲಿ ಅದು ಹೀಗೆ: ಎಡದಿಂದ ಬಲಕ್ಕೆ ಲಾಳಿ ದಾಟಿತು. ಬಲಗೈ ಲಾಳಿ ಹಿಡಿದಿರಲಿ. ಎಡಗೈಯ ಎರಡು ಬೆರಳಿನಿಂದ ಎಡ ಅಂಚಿನಲ್ಲಿ ಎಳೆ ತಿರುಗುವ ಜಾಗವನ್ನು ಮೆಲ್ಲಗೆ ಅದುಮಿ, ಬಲಗೈ ಎಳೆಯುತ್ತಾ ಅಂಚಿನ ಕುಣಿಕೆ ಕೊನೆಯ ಹಾಸಿನ ಎಳೆಗೆ ಬರೀ ತಾಗುವಷ್ಟು ತನ್ನಿ, ಅದನ್ನು ಒಳಕ್ಕೆ ಜಗ್ಗುವಷ್ಟಲ್ಲ. ಆಮೇಲೆ ತೋರುಬೆರಳನ್ನು ಹಾಸಿನ ಬಾಯೊಳಗೆ (ಮೇಲೆದ್ದ, ಕೆಳಗಿಳಿದ ಎಳೆಗಳ ನಡುವಿನ ತೆರವು) ಇಳಿಸಿ ಹೊಕ್ಕಿನ ಎಳೆಯ ನಡುಭಾಗವನ್ನು ಹಣಿಗೆಯ ಕಡೆಗೆ ತಳ್ಳಿ, ಲಾಳಿಯಿಂದ ನೂಲು ಬಿಟ್ಟುಕೊಡಿ. ಗುಡ್ಡದಂತೆ ನಿಂತಿತೇ? ಬಾಯಿ ತೆರೆದಿರುವಾಗಲೇ ಹಣಿಗೆ ತನ್ನಿ, ಸಡಿಲ ಅಗಲದುದ್ದಕ್ಕೂ ಹಂಚಿಕೊಳ್ಳುತ್ತದೆ. ನಂತರ ಶಾಫ್ಟ್ ಬದಲಿಸಿ ಮತ್ತೊಮ್ಮೆ ಹಗುರವಾಗಿ ತಾಗಿಸಿ. ಬಟ್ಟೆಯ ಮೇಲೆ ಅಲ್ಲಲ್ಲಿ ಸಣ್ಣ ಕುಣಿಕೆ ಎದ್ದರೆ ಕಮಾನು ಹೆಚ್ಚಾಯಿತು ಎಂದರ್ಥ. ಅಗಲ 18½ಕ್ಕಿಂತ ಕೆಳಗಿಳಿದರೆ ಕಡಿಮೆಯಾಯಿತು. ಪ್ರತಿ ಐದು ಇಂಚಿಗೊಮ್ಮೆ ಟೇಪ್ ಹಿಡಿಯಿರಿ, ಕಣ್ಣನ್ನು ನಂಬಬೇಡಿ. ಕುಗ್ಗುವುದು ಎಳೆಗೊಂದಿಷ್ಟು, ಯಾರಿಗೂ ಕಾಣದಂತೆ.

ಪಟ್ಟಿಯಂಥ ಚಪ್ಪಟೆ ಲಾಳಿ ಬಳಸುತ್ತಿದ್ದರೆ ಇನ್ನೊಂದು ಎಚ್ಚರ. ದಾಟಿಸುವ ಮೊದಲೇ ಒಂದು ಅಗಲಕ್ಕೆ ಸಾಕಾಗುವಷ್ಟು ನೂಲು ಬಿಚ್ಚಿಕೊಂಡಿರಬೇಕು. ದಾಟಿದ ಮೇಲೆ ಜಗ್ಗಿ ಬಿಚ್ಚುವವರ ಅಂಚು ಎಂದೂ ನೆಟ್ಟಗಿರುವುದಿಲ್ಲ. ದೋಣಿ ಲಾಳಿಯಾದರೆ ಒಳಗಿನ ಕಂಡಿಕೆ (ನೂಲು ಸುತ್ತಿದ ಸಣ್ಣ ಕೊಳವೆ) ಗಟ್ಟಿಯಾಗಿ ಸುತ್ತಿರಬೇಕು. ಮೆತ್ತಗೆ ಸುತ್ತಿದ ಕಂಡಿಕೆಯಲ್ಲಿ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಕೊಂಡು ನೂಲು ಥಟ್ಟನೆ ನಿಲ್ಲುತ್ತದೆ. ಆ ಒಂದು ಜಗ್ಗು ಅಂಚನ್ನು ಒಳಗೆಳೆಯುತ್ತದೆ.

ಅಗಲ ಹಿಡಿದಿಡಲು ಟೆಂಪಲ್ ಎಂಬ ಹಲ್ಲಿನ ಕೋಲು ಸಿಗುತ್ತದೆ. ಅದು ಬೇಡವೆಂದರೆ ಎರಡು ಗಟ್ಟಿ ಕ್ಲಿಪ್ಪನ್ನು ಬಟ್ಟೆಯ ಎರಡೂ ಅಂಚಿಗೆ ಕಚ್ಚಿಸಿ, ದಾರವನ್ನು ಮಗ್ಗದ ಪಕ್ಕದ ಚೌಕಟ್ಟಿನ ಮೇಲಿಂದ ಇಳಿಬಿಟ್ಟು, ತುದಿಗೆ 100-150 ಗ್ರಾಂ ತೂಕ ಕಟ್ಟಿದರೂ ಆಗುತ್ತದೆ. ಪ್ರತಿ ಇಂಚಿಗೊಮ್ಮೆ ಮುಂದಕ್ಕೆ ಸರಿಸಬೇಕು. ಆದರೆ ಇದು ಊರುಗೋಲು. ಕಮಾನು ಕೈಗೆ ಕೂರುವ ಮೊದಲೇ ಇದನ್ನು ಹಿಡಿದರೆ, ಮಗ್ಗದಿಂದ ತೆಗೆದ ಮರುಕ್ಷಣ ಬಟ್ಟೆ ಕುಗ್ಗಿ ತನ್ನ ಬಣ್ಣ ತೋರಿಸುತ್ತದೆ.

ಎಳೆ ಕಡಿಯುವುದಕ್ಕೆ ಬರೋಣ. ಹಣಿಗೆಯಲ್ಲಿ 20 ಇಂಚು, ಬಟ್ಟೆಯಲ್ಲಿ 17 ಅಂದರೆ ಒಂದೊಂದು ಅಂಚೂ ಒಂದೂವರೆ ಇಂಚು ಒಳಗೆ ಬಂದಿದೆ. ಹಣಿಗೆಯಿಂದ ಬಟ್ಟೆಗೆ ಇರುವ ಮೂರೇ ಇಂಚಿನಲ್ಲಿ ಅಂಚಿನ ಎಳೆ ಒಂದೂವರೆ ಇಂಚು ವಾಲಬೇಕು. ಹಣಿಗೆಯ ಕಡ್ಡಿ ಪ್ರತಿ ಬಡಿತಕ್ಕೂ ಆ ಎಳೆಯನ್ನು ಪಕ್ಕದಿಂದ ಉಜ್ಜುತ್ತದೆ. ಮೊದಲು ಎಳೆ ಜುಂಜು ಏಳುತ್ತದೆ, ಆಮೇಲೆ ಹುರಿಯ ಒಂದು ಎಳೆ ಹೋಗುತ್ತದೆ, ಕೊನೆಗೆ ಇನ್ನೊಂದು. ಕಡಿದ ತುದಿಯನ್ನು ನೋಡಿದರೇ ಗೊತ್ತಾಗುತ್ತದೆ: ಬ್ರಷ್ಷಿನಂತೆ ಬಿಡಿಬಿಡಿಯಾಗಿದ್ದರೆ ಉಜ್ಜಿ ಕಡಿದದ್ದು, ಕತ್ತರಿಸಿದಂತೆ ಮೊಟಕಾಗಿದ್ದರೆ ಹಣಿಗೆಯಲ್ಲೋ ಹೀಲ್ಡಿನ (ಶಾಫ್ಟಿನಲ್ಲಿರುವ, ಒಂದೊಂದು ಎಳೆಯನ್ನು ಹಿಡಿಯುವ ಕಣ್ಣಿನ ತಂತಿ ಅಥವಾ ದಾರ) ಕಣ್ಣಿನಲ್ಲೋ ಚೂಪಾದದ್ದೇನೋ ಇದೆ.

ಎಡಗಡೆಯೇ ಹೆಚ್ಚು ಯಾಕೆ? ಕಡಿದ ಜಾಗಗಳನ್ನು ನೆನಪಿಸಿಕೊಳ್ಳಿ. ಪ್ರತಿ ಸಲವೂ ಅದೇ ಸಂದಾಗಿದ್ದರೆ ಹಣಿಗೆಯನ್ನು ಅನುಮಾನಿಸಿ. ಒಂದು ಹಿಡಿ ಹತ್ತಿಯನ್ನು ಕಡ್ಡಿಗಳ ಮೇಲೆ ಸವರಿ, ತುಕ್ಕೋ ಮುಳ್ಳೋ ಇದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಕರಾವಳಿಯ ಮಳೆಗಾಲ ಕಂಡ ಉಕ್ಕಿನ ಹಣಿಗೆಯಲ್ಲಿ ಇದು ಸಾಮಾನ್ಯ. ಅತಿ ನುಣುಪಿನ ಎಮರಿ ಕಾಗದವನ್ನು ಸಂದಿನಲ್ಲಿ ಆಡಿಸಿ ಒರೆಸಿದರೆ ಸರಿಹೋಗುತ್ತದೆ. ಬೇರೆಬೇರೆ ಸಂದಿನಲ್ಲಿ ಕಡಿದಿದ್ದರೆ ಎರಡು ಸಾಧ್ಯತೆ: ಹಾಸು ಹಣಿಗೆಯ ನಟ್ಟನಡುವೆ ಕೂತಿಲ್ಲ, ಅಥವಾ ಬಲಗೈ ರೂಢಿಯವರು ಬಲಕ್ಕೆ ಬಂದ ಲಾಳಿಯನ್ನು ಹೆಚ್ಚು ಜೋರಾಗಿ ಎಳೆಯುತ್ತಾರೆ, ಆಗ ಜಗ್ಗಿಸಿಕೊಳ್ಳುವುದು ಎಡ ಅಂಚು.

ಇನ್ನೊಂದು ಜಾಗವನ್ನೂ ನೋಡಬೇಕು, ಮಗ್ಗದ ಹಿಂಭಾಗ. ಹಾಸನ್ನು ಹಿಂದಿನ ಉರುಳೆಗೆ, ಅಂದರೆ ಬೀಮಿಗೆ, ಸುತ್ತುವಾಗ ಪದರಗಳ ನಡುವೆ ದಪ್ಪ ಕಾಗದ ಹಾಕಿದ್ದಿರಾ, ಅದು ಹಾಸಿಗಿಂತ ಎರಡೂ ಕಡೆ ಎರಡೆರಡು ಇಂಚು ಅಗಲವಿತ್ತಾ? ಇಲ್ಲದಿದ್ದರೆ ಅಂಚಿನ ಎಳೆಗಳು ಜಾರಿ ಕೆಳಗಿನ ಪದರಕ್ಕೆ ಬೀಳುತ್ತವೆ. ಎರಡೇ ಮಿಲಿಮೀಟರ್ ಕೆಳಗೆ ಬಿದ್ದರೂ ಸುತ್ತಿಗೆ 12.5 ಮಿಲಿಮೀಟರ್ ನೂಲು ಸಡಿಲವಾಗುತ್ತದೆ, ಹತ್ತು ಸುತ್ತಿಗೆ ಒಂದು ಗೇಣಿನ ಅರ್ಧಕ್ಕೂ ಹೆಚ್ಚು. ಸಡಿಲ ಎಳೆ ಬಾಯಿ ತೆರೆದಾಗ ಮೇಲೇಳದೆ ಜೋತುಬೀಳುತ್ತದೆ, ಲಾಳಿ ಅದರ ಮೇಲೆ ಹಾಯುತ್ತದೆ. ಹಳೆಯ ಕ್ಯಾಲೆಂಡರ್ ಹಾಳೆ ಈ ಕೆಲಸಕ್ಕೆ ಚೆನ್ನ. ನ್ಯೂಸ್‌ಪೇಪರ್ ಬೇಡ, ಮೆತ್ತಗೆ ಮಾತ್ರವಲ್ಲ, ಬಿಳಿ ಹಾಸಿಗೆ ಮಸಿಯನ್ನೂ ಹಚ್ಚುತ್ತದೆ.

ಗಂಜಿಯ ಬಗ್ಗೆ ಕೇಳಿದ್ದೀರಿ. ಹುರಿ ಮಾಡಿದ 2/20ಕ್ಕೆ ಬೇಕಿಲ್ಲ. ಒಂಟಿ ಎಳೆಯ ನೂಲಿಗೆ, ಅದರಲ್ಲೂ ಕೈನೂಲಿಗೆ, ಬೇಕೇಬೇಕು. ಅರ್ಧ ಕಿಲೋ ನೂಲಿಗೆ 50 ಗ್ರಾಂ ಅಕ್ಕಿಹಿಟ್ಟು ಅಥವಾ ಮೈದಾವನ್ನು ಎರಡೂವರೆ ಲೀಟರ್ ನೀರಿನಲ್ಲಿ ಗಂಟಾಗದಂತೆ ಕುದಿಸಿ, ಒಂದು ಚಮಚ ಕೊಬ್ಬರಿ ಎಣ್ಣೆ ಬೆರೆಸಿ, ಬಟ್ಟೆಯಲ್ಲಿ ಸೋಸಿ. ಮೊದಲೇ ನೆನೆಸಿ ಹಿಂಡಿದ ಲಡಿಯನ್ನು ಬೆಚ್ಚಗಿನ ಗಂಜಿಯಲ್ಲಿ ಅದ್ದಿ, ಹಿಂಡಿ, ಎರಡು ಕೈಗೂ ಸಿಕ್ಕಿಸಿಕೊಂಡು ಫಟ್ಟೆಂದು ಜಾಡಿಸಿ, ಕೋಲಿಗೆ ಹಾಕಿ ಒಣಗಿಸಿ. ಒಣಗುವಾಗ ಆಗಾಗ ತಿರುಗಿಸದಿದ್ದರೆ ಗಂಜಿಯೆಲ್ಲ ಕೆಳತುದಿಗೆ ಇಳಿದು ಅಲ್ಲಿ ನೂಲು ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಬೂಷ್ಟು ಬರುತ್ತದೆ, ಗಂಜಿ ಹಾಕಿದ್ದನ್ನು ವಾರದೊಳಗೆ ನೇಯ್ದು ಮುಗಿಸಿ.

ಬೇಸಿಗೆಯಲ್ಲಿ ಗಂಜಿಗಿಂತ ತೇವ ಮುಖ್ಯ. ಹತ್ತಿ ಒಣಗಿದಾಗಿನದಕ್ಕಿಂತ ತೇವ ಇದ್ದಾಗ ಹೆಚ್ಚು ಗಟ್ಟಿ. ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗಗಳಿಗೆ ಮಣ್ಣಿನ ತಂಪು ತಾನಾಗಿ ಸಿಗುತ್ತದೆ. ಫ್ಲಾಟಿನ ಮೂರನೇ ಮಹಡಿಯಲ್ಲಿ ಫ್ಯಾನಿನ ಕೆಳಗೆ ನೇಯುವವರು ಹಾಸಿನ ಅಡಿಗೆ ಒಂದು ಒದ್ದೆ ಟವೆಲ್ ಹರವಿ, ಫ್ಯಾನ್ ಬೇರೆ ಕಡೆ ತಿರುಗಿಸಿಕೊಳ್ಳಬೇಕು.

ಕಡಿದ ಎಳೆಯನ್ನು ಜೋಡಿಸುವುದು ಹೀಗೆ. ಎರಡು ಅಡಿ ಉದ್ದದ ಹೊಸ ನೂಲನ್ನು ಹಿಂದಿನ ತುದಿಗೆ, ಹೀಲ್ಡಿನಿಂದ ಸಾಕಷ್ಟು ಹಿಂದೆ, ನೇಕಾರರ ಗಂಟಿನಲ್ಲಿ ಕಟ್ಟಿ. ಅದೇ ಕಣ್ಣು, ಅದೇ ಸಂದಿನಲ್ಲಿ ಮುಂದೆ ತನ್ನಿ. ಬಟ್ಟೆಯ ತುದಿಯಿಂದ ಒಂದು ಇಂಚು ಕೆಳಗೆ ಗುಂಡುಸೂಜಿ ಅಡ್ಡ ಚುಚ್ಚಿ, ಪಕ್ಕದ ಎಳೆಗಳಷ್ಟೇ ಬಿಗಿ ಬರುವಂತೆ ಎಳೆದು ಸೂಜಿಗೆ ಎಂಟರ ಆಕಾರದಲ್ಲಿ ಸುತ್ತಿ, ನೇಯ್ಗೆ ಮುಂದುವರಿಸಿ. ಬಟ್ಟೆ ಮಗ್ಗದಿಂದ ಇಳಿದ ಮೇಲೆ ಬಾಲಗಳನ್ನು ಕಸೂತಿ ಸೂಜಿಯಲ್ಲಿ ಒಂದು ಇಂಚು ಒಳಗೆ ಹೊಲಿದು, ಒಗೆದ ನಂತರವೇ ಕತ್ತರಿಸಿ.

ಮುಂದಿನ ಹಾಸಿಗೆ ಎಷ್ಟು ನೂಲು ಬೇಕು? 17 ಇಂಚು ಅಗಲ, 70 ಇಂಚು ಉದ್ದದ ಎರಡು ಸ್ಟೋಲ್ ಎಂದುಕೊಳ್ಳೋಣ. ಒಗೆದಾಗ ಶೇಕಡಾ 8, ಬಳುಕಿಗೆ ಇನ್ನೊಂದು 8 ಹೋಗುತ್ತದೆ ಎಂದು ಹಿಡಿದರೆ 70 ಇಂಚು ಸಿಗಲು ಮಗ್ಗದಲ್ಲಿ 83 ಇಂಚು ನೇಯಬೇಕು. ಎರಡಕ್ಕೆ 166. ನಡುವೆ ಎರಡರ ಕುಚ್ಚಿಗೆ 12, ಮಗ್ಗದಲ್ಲಿ ನೇಯಲಾಗದೆ ಉಳಿಯುವುದು 30 (ಆಚೀಚೆ ತುದಿಯ ಕುಚ್ಚು ಇದರಲ್ಲೇ ಬರುತ್ತದೆ), ತಾಳೆ ನೋಡಲು 18. ಒಟ್ಟು 226 ಇಂಚು, ಆರು ಮೀಟರ್ ಎಂದಿಟ್ಟುಕೊಳ್ಳಿ. ಹಣಿಗೆಯಲ್ಲಿ 20 ಇಂಚು, 240 ಸಂದು, ಎರಡು-ಮೂರರಂತೆ 600 ಎಳೆ. ಹಾಸಿಗೆ 3,600 ಮೀಟರ್, 213 ಗ್ರಾಂ. ಹೊಕ್ಕು ಇಂಚಿಗೆ 30ರಂತೆ ಸುಮಾರು 2,850 ಮೀಟರ್, 170 ಗ್ರಾಂ. ಅರ್ಧ ಕಿಲೋ ಕೊಂಡರೆ ಕೈ ಬಿಗಿಹಿಡಿಯಬೇಕಿಲ್ಲ. ತಾಳೆಗೆಂದು ಇಟ್ಟ 18 ಇಂಚನ್ನು ಉಳಿಸುವ ಆಸೆ ಬೇಡ. ಒಂದು ಅಡಿ ನೇಯ್ದು, ಕತ್ತರಿಸಿ, ಬೆಚ್ಚಗಿನ ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೆರಳಲ್ಲಿ ಒಣಗಿಸಿ, ಇನ್ನೂ ತೇವವಿರುವಾಗ ಇಸ್ತ್ರಿ ಮಾಡಿ ಅಳೆಯಿರಿ. ನಿಮ್ಮ ನೂಲು, ನಿಮ್ಮ ಕೈ, ನಿಮ್ಮ ಮನೆಯ ನೀರಿಗೆ ಎಷ್ಟು ಕುಗ್ಗುತ್ತದೆ ಅನ್ನುವುದು ಅದರಿಂದ ಮಾತ್ರ ಗೊತ್ತಾಗುತ್ತದೆ.

ಈಗ ಮಗ್ಗದಲ್ಲಿರುವ ಮೂರು ಮೀಟರ್. ಅದನ್ನು ಬಿಸಾಡಬೇಡಿ, ಹಾಗೇ ನೇಯಲೂಬೇಡಿ. ಹಾಸು ಬಿಗಿಯಾಗಿರುವಾಗಲೇ ಹೀಲ್ಡ್‌ಗಳ ಹಿಂದೆ ಎರಡು ಕೋಲು ಹಾಕಿ, ಒಂದು ಕೋಲಿನ ಮೇಲೆ ಹಾದ ಎಳೆ ಇನ್ನೊಂದರ ಕೆಳಗೆ ಹಾಯುವಂತೆ ಮಾಡಿ ಕಟ್ಟಿಬಿಡಿ; ಸರದಿ ತಪ್ಪುವುದಿಲ್ಲ. ಬಿಗಿ ಸಡಿಲಿಸಿ, ಮುಂದೆ ಕಟ್ಟಿದ ಗಂಟುಗಳ ಹತ್ತಿರ ಎಳೆಗಳನ್ನು ಕತ್ತರಿಸಿ, ಹಣಿಗೆಯಿಂದ ಮಾತ್ರ ಹಿಂದಕ್ಕೆ ಎಳೆದುಕೊಳ್ಳಿ. ಹೀಲ್ಡಿನ ಕಣ್ಣಿನಿಂದ ಜಾರದಂತೆ ಇಪ್ಪತ್ತು ಇಪ್ಪತ್ತು ಎಳೆಗೆ ಒಂದು ಜಾರುಗಂಟು. ಆಮೇಲೆ ಹಣಿಗೆಯ ನಡುವಿನಿಂದ ಎರಡೂ ಕಡೆ ಎಂಟೆಂಟು ಇಂಚು ಗುರುತು ಮಾಡಿ, 192 ಸಂದುಗಳಲ್ಲಿ ಎರಡು-ಮೂರರಂತೆ ಹಾಕಿ. 480 ಎಳೆ ಸರಿಯಾಗಿ 16 ಇಂಚಿನಲ್ಲಿ ಕೂರುತ್ತವೆ. ಹಿಂದಿನ ಬೀಮಿನಲ್ಲಿ ಹಾಸು 20 ಇಂಚು ಹರಡಿರುವುದರಿಂದ ಅಂಚುಗಳು ಸ್ವಲ್ಪ ಓರೆಯಾಗಿ ಬರುತ್ತವೆ, ಬೀಮಿಗೂ ಹಣಿಗೆಗೂ ಇರುವ ಉದ್ದದಲ್ಲಿ ಅದು ತೊಂದರೆ ಕೊಡುವಷ್ಟಲ್ಲ. ಒಗೆದ ಮೇಲೆ ಹದಿಮೂರೂವರೆ ಇಂಚು ಅಗಲದ ಒಳ್ಳೆಯ ಮಫ್ಲರ್ ಸಿಗುತ್ತದೆ.

ಅದು ನೇಯ್ದಾದ ಮೇಲೆ ಕೊನೆಯ ಒಂದು ಅಡಿ ಹಾಸನ್ನು ಹೀಲ್ಡು, ಹಣಿಗೆಗಳಿಂದ ಎಳೆದು ತೆಗೆಯಬೇಡಿ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಸೇರಿಸುತ್ತಾ ಹೋದರೆ ಹೀಲ್ಡಿನ ಕಣ್ಣಿಗೆ ಮತ್ತೆ ಎಳೆ ಪೋಣಿಸುವ ಕೆಲಸ ತಪ್ಪುತ್ತದೆ. ನೇಕಾರರು ಕೆಚ್ಚುವುದು ಅನ್ನುವುದು ಇದಕ್ಕೇ. 480ನ್ನು ಹೀಗೆ ಕೆಚ್ಚಿ, ಬಾಕಿ 120 ಎಳೆಗಳನ್ನು ಎರಡೂ ಅಂಚಿಗೆ ಅರವತ್ತರಂತೆ ಹೊಸದಾಗಿ ಪೋಣಿಸಿದರೆ ಮುಂದಿನ 600ರ ಹಾಸು ಸಿದ್ಧ.